ಬೆಟ್ಟಯ್ಯ ಮೇಷ್ಟ್ರ ಹೆಬ್ಬೆರಳು

ಮೂಗಿನ ಹೊಳ್ಳೆಯಲ್ಲಿ ಹತ್ತಿ ಕಚಗುಳಿಯಿಡುತ್ತಿದೆ, ಸೀನು ಬಂದರೆ ಮುಗಿಯಿತು, ಹೆಣ ಸೀನಿತು ಅಂತ ಯೂನಿಟ್ಟಿಗೆ ಯೂನಿಟ್ಟೇ ನಗುತ್ತದೆ, ನಗಲಿ, ನಾಲ್ಕು ವರ್ಷ ಈ ಸೀರಿಯಲ್ಲಿನ ಅಜ್ಜಿಯಾಗಿ ಎಲ್ಲರನ್ನೂ ಗದರಿಸಿಕೊಂಡೇ ಬಂದಿದ್ದೇನೆ, ಹೋಗುವ ದಿನ ನಗಿಸಿ ಹೋದರೆ ತಪ್ಪೇನು — ಆದರೆ ಎದೆಯ ಮೇಲಿನ ಸೇವಂತಿಗೆ ಹಾರ ಕದಲಬಾರದು, ಅಸಿಸ್ಟೆಂಟ್ ಡೈರೆಕ್ಟರ್ ಅನು ಈಗಷ್ಟೇ ಬಗ್ಗಿ ಕಿವಿಯಲ್ಲಿ ಹೇಳಿ ಹೋದಳು, ಅಮ್ಮಾ ಏಳ್ಬೇಡಿ, ಲೈಟ್ ಬದಲಾಯಿಸ್ತಾ ಇದಾರೆ, ಹತ್ತೇ ನಿಮಿಷ, ಹೂವು ಜರುಗಿದ್ರೆ ಮುಂದಿನ ಶಾಟಿಗೆ ಮ್ಯಾಚ್ ಆಗಲ್ಲ. ಸರಿ ತಾಯಿ, ಏಳುವುದಿಲ್ಲ. ಕೆಂಗೇರಿ ಉಪನಗರದ ಈ ಬಾಡಿಗೆ ಬಂಗಲೆಯ ಹಾಲಿನಲ್ಲಿ, ಚಾಪೆಯ ಮೇಲೆ, ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿಕೊಂಡು — ಕಿಟಕಿಯ ಬೆಳಕು ಕೆನ್ನೆಗೆ ಬೀಳಬೇಕಂತೆ, ಕ್ಯಾಮೆರಾಮನ್ ಹೇಳಿದ್ದು — ಸತ್ತು ಮಲಗಿದ್ದೇನೆ, ಸೊಂಟ ಹಿಡಿದುಕೊಳ್ಳುತ್ತಿದೆ, ತಲೆಯ ಬಳಿ ದೀಪದ ಎಣ್ಣೆಯ ವಾಸನೆ, ಅಡುಗೆಮನೆಯ ಕಡೆಯಿಂದ ಪ್ರೊಡಕ್ಷನ್‌ನವರ ಚಿತ್ರಾನ್ನದ ಒಗ್ಗರಣೆ, ಹೆಣಕ್ಕೆ ಹಸಿವಾಗುತ್ತಿದೆ. ಕಾಲಿನ ಎರಡು ಹೆಬ್ಬೆರಳುಗಳನ್ನು ಸೇರಿಸಿ ಬಿಳಿ ದಾರದಲ್ಲಿ ಕಟ್ಟಿದವಳೂ ಅನುವೇ, ಕಟ್ಟುವಾಗ ಎರಡು ಸಲ ಗಂಟು ಬಿಚ್ಚಿ ಸಡಿಲ ಮಾಡಿದಳು, ಸಾರಿ ಅಮ್ಮಾ, ಬಿಗಿ ಆಯ್ತಾ — ಕಟ್ಟೇ ಹುಡುಗಿ, ಭಯ ಯಾಕೆ, ಒಂದೇ ಮಧ್ಯಾಹ್ನ ನಾಲ್ಕು ಸಲ ಸತ್ತವಳು ನಾನು ಅಂದೆ, ಅವಳು ತಮಾಷೆ ಅಂದುಕೊಂಡಳು.

ತಮಾಷೆಯಲ್ಲ. ಆದರೆ ಅದನ್ನು ಕೇಳುವಷ್ಟು ಹೊತ್ತು ಅವಳಿಗೂ ಇರಲಿಲ್ಲ, ನನ್ನ ಮನಸ್ಸೂ ಅಲ್ಲಿರಲಿಲ್ಲ, ಬೆಳಗ್ಗೆ ಹಾಡಿದ ಹಾಡಿನಲ್ಲೇ ಇತ್ತು, ಈಗಲೂ ಅಲ್ಲೇ ಇದೆ — ಅಜ್ಜಿ ಪ್ರಾಣ ಬಿಡುವ ಮುಂಚೆ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಡುವ ಸೀನು, ಸ್ಕ್ರಿಪ್ಟಿನಲ್ಲಿ ಬರೀ ಜೋಗುಳ ಎಂದು ಬರೆದಿತ್ತು, ಸಿಂಗರ್ ಹಾಡಿದ ಟ್ರ್ಯಾಕ್ ರೆಡಿ ಇದೆ, ನೀವು ತುಟಿ ಆಡಿಸಿದರೆ ಸಾಕು ಅಂದಿದ್ದರು ಡೈರೆಕ್ಟರ್ ಮಹದೇವ್, ಆಗಲಿ ಸಾರ್, ಅದರಲ್ಲಿ ನನಗೆ ನಲವತ್ತು ವರ್ಷದ ಸರ್ವೀಸು ಅಂದೆ, ಆದರೆ ಹೋದ ವಾರ ಮೇಕಪ್ ರೂಮಿನಲ್ಲಿ ಜಡೆ ಬಿಚ್ಚುತ್ತ ಏನೋ ಗುನುಗುತ್ತಿದ್ದೆನಂತೆ, ಅನು ಬಾಗಿಲಲ್ಲೇ ನಿಂತುಬಿಟ್ಟಳು, ಅಮ್ಮಾ ಇದ್ಯಾವ್ದು ಹಾಡು, ಯಾರ್ದು — ನಮ್ಮ ಮೇಷ್ಟ್ರದ್ದು ಕಣೇ, ಹಳೇ ನಾಟಕದ್ದು, ಬಾಗಿಲ ತೆರೆದಿಡು ಮಗಳೇ ಬೆಳಕಿಗೂ ಒಂದು ದಾರಿ ಬೇಕು ಅಂತ — ಅವಳೇ ಹಟ ಹಿಡಿದು ಮಹದೇವ್ ಹತ್ತಿರ ಜಗಳವಾಡಿದಳು, ಅವರು ಒಪ್ಪಿದರು, ಅರ್ಧ ಮನಸ್ಸಿನಲ್ಲಿ, ಹಾಡ್ಲಿ, ಆದ್ರೆ ವಯಸ್ಸಾಗಿದೆ, ವಾಯ್ಸ್ ಶೇಕ್ ಆದ್ರೆ ಟ್ರ್ಯಾಕೇ ಹಾಕೋದು, ಆಮೇಲೆ ಬೇಜಾರ್ ಮಾಡ್ಕೋಬಾರ್ದು. ಹಾಡಿದೆ. ಅರವತ್ತೇಳು ವರ್ಷದ ಗಂಟಲು, ಚಂದ್ರಾ ಲೇಔಟಿನಿಂದ ಹೊರಡುವಾಗ ಒಂದು ಲೋಟ ಬಿಸಿನೀರು ಕುಡಿದದ್ದು ಬಿಟ್ಟರೆ ಬೇರೇನೂ ಇಲ್ಲ, ಮೆಟ್ರೋದಲ್ಲಿ ಬಾಯಿ ಮುಚ್ಚಿಕೊಂಡೇ ಸಾಧನೆ, ಎದುರಿಗೆ ಕೂತಿದ್ದ ಹೆಂಗಸು ಗುರುತು ಹಿಡಿದು, ಅಜ್ಜೀ ನಿಮ್ಮನ್ನ ಸಾಯಿಸ್ತಾರಂತೆ ಹೌದಾ, ನಮ್ಮತ್ತೆ ಊಟ ಬಿಟ್ಟಿದಾರೆ — ಅವರ ಅತ್ತೆಗೆ ನೂರು ವರ್ಷ ಆಯಸ್ಸಿರಲಿ, ನನಗೋಸ್ಕರ ಒಂದು ಹೊತ್ತಿನ ಊಟ ಬಿಟ್ಟವರು! ಕಟ್ ಅಂದರು. ವಚನಾ, ಮೊಮ್ಮಗಳ ಪಾತ್ರದ ಹುಡುಗಿ, ಗ್ಲಿಸರಿನ್ ಇಲ್ಲದೆ ಅತ್ತಳು, ಅದು ಒಳ್ಳೆಯ ಗುರುತೇ, ಆದರೆ ಹುಡುಗಿಯರು ಎಲ್ಲದಕ್ಕೂ ಅಳುತ್ತಾರೆ, ಮಹದೇವ್ ನನ್ನ ಮುಖ ನೋಡದೆ, ಮಧು ಒಂದ್ಸಲ ಕೇಳಿ ಹೇಳ್ಲಿ, ಆಮೇಲ್ ನೋಡೋಣ ಅಂತ ಫೋನು ಹಿಡಿದು ಹೊರಗೆ ಹೋದರು, ಸೌಂಡ್ ನೋಡಿಕೊಳ್ಳುವ ಮಧುಕುಮಾರ್ ಇನ್ನೂ ಏನೂ ಹೇಳಿಲ್ಲ, ಅವನು ಬೇಡ ಅಂದರೆ ನನ್ನ ಧ್ವನಿ ಹೋಯಿತು, ಹಾಡೂ ಹೋಯಿತು, ಆ ಹಾಡು ಇನ್ನೆಲ್ಲೂ ಇಲ್ಲ, ಒಂದು ಕ್ಯಾಸೆಟ್ಟಿಲ್ಲ, ಒಂದು ಹಾಳೆಯಿಲ್ಲ, ಮೇಷ್ಟ್ರು ಹೋಗಿ ಹನ್ನೊಂದು ವರ್ಷ.

ಎದ್ದು ಕೇಳಿಬಿಡಲೇ, ಮಧು, ಏನಪ್ಪಾ, ಹೇಗಿದೆ — ಬೇಡ, ಹೂವು. ಹೆಣ ತಾನಾಗಿ ಏಳಬಾರದು. ಇದು ಮೇಷ್ಟ್ರು ಹೇಳಿಕೊಟ್ಟ ಮೊದಲ ಪಾಠ, ಬೆಟ್ಟಯ್ಯ ಮೇಷ್ಟ್ರು, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯಲ್ಲಿ ಲೇತ್ ಆಪರೇಟರು, ಶಿಫ್ಟ್ ಮುಗಿದ ಮೇಲೆ ಕಾರ್ಮಿಕರಿಗೆ ನಾಟಕ ಕಲಿಸುವವರು, ನಾಟಕ ಅವರೇ ಬರೆಯಬೇಕು, ಮಟ್ಟು ಅವರೇ ಹಾಕಬೇಕು, ಹಾರ್ಮೋನಿಯಂ ಅವರೇ ತುಳಿಯಬೇಕು, ಹೆಣ್ಣಿನ ಪಾತ್ರಕ್ಕೆ ಮಾತ್ರ ಹೊರಗಿನಿಂದ ಹುಡುಗಿ ಬೇಕು, ಹೆಗ್ಗನಹಳ್ಳಿಯ ಭಜನೆಯಲ್ಲಿ ನಾನು ಹಾಡುವುದನ್ನು ಕೇಳಿ ನಮ್ಮ ಮನೆಗೆ ಬಂದು ಅಮ್ಮನ ಎದುರು ಕೈ ಮುಗಿದರು, ನಿಮ್ಮ ಮಗಳನ್ನ ನನ್ನ ಮಗಳ ಹಾಗೆ ಕರ್ಕೊಂಡೋಗಿ ಕರ್ಕೊಂಡ್ ಬರ್ತೀನಿ ತಾಯೀ. ಕರೆದುಕೊಂಡು ಹೋಗಿ, ಕರೆದುಕೊಂಡು ಬಂದರು, ಒಂದು ದಿನವೂ ತಪ್ಪಲಿಲ್ಲ. ಗಂಗಲಕ್ಷ್ಮಿ ಅನ್ನೋ ಹೆಸರು ಕರಪತ್ರದಲ್ಲಿ ಹಿಡಿಸೋದಿಲ್ಲ ಕಣಮ್ಮ ಅಂತ ಶೋಭಾರಾಣಿ ಮಾಡಿದವರೂ ಅವರೇ, ಅಮ್ಮ ಸಾಯುವ ತನಕ ಗಂಗೀ ಅಂತಲೇ ಕೂಗಿದಳು. ನನಗೆ ಹತ್ತೊಂಬತ್ತು, ಪಾತ್ರ ವಿಷ ಕುಡಿದು ಸಾಯುವ ರಾಣಿ, ಸಾಯುತ್ತ ಮಗಳಿಗೆ ಹಾಡಬೇಕು, ಹಾಡು ಮುಗಿಸಿ ಹಲಗೆಯ ಮೇಲೆ ಬಿದ್ದು ತಲೆ ಎಡಕ್ಕೆ ವಾಲಿಸಬೇಕು, ಅರೆಗಣ್ಣು ತೆರೆದಿರಬೇಕು, ಯಾಕೆ ಮೇಷ್ಟ್ರೇ — ಯಾಕಂದ್ರೆ ಜನ ಒನ್ಸ್ ಮೋರ್ ಅಂತಾರೆ, ಅಂದಾಗ ಸತ್ತ ರಾಣಿ ಎದ್ದು ಮತ್ತೆ ಹಾಡಿ ಮತ್ತೆ ಸಾಯ್ಬೇಕು, ಆದ್ರೆ ಜನ ಕೂಗಿದ್ರು ಅಂತ ಏಳ್ಬಾರ್ದು, ನನ್ನ ಹೆಬ್ಬೆರಳು ನೋಡು, ಪೆಡಲ್ ಮೇಲಿಂದ ಅದು ಎದ್ರೆ ನೀನೂ ಏಳು, ಏಳ್ದಿದ್ರೆ ಹೆಣವಾಗೇ ಇರು. ರಂಗದ ಪಕ್ಕದಲ್ಲೇ, ನೆಲದಲ್ಲಿ ಅವರ ಕಾಲಿನ ಹಾರ್ಮೋನಿಯಂ, ಹಲಗೆಗೆ ಕೆನ್ನೆಯಿಟ್ಟು ಮಲಗಿದರೆ ಕಾಣುತ್ತಿದ್ದದ್ದು ಅದೊಂದೇ, ಬಲಗಾಲಿನ ಹೆಬ್ಬೆರಳು, ಕಬ್ಬಿಣದ ತುಂಡು ಬಿದ್ದು ಉಗುರು ನಡುವೆ ಸೀಳಿ ಕಪ್ಪಾಗಿತ್ತು, ಜನ ಕಿರುಚುತ್ತಿದ್ದರೆ ನಾನು ಉಸಿರು ಹಿಡಿದು ಆ ಸೀಳಿದ ಉಗುರನ್ನೇ ನೋಡುತ್ತಿದ್ದೆ.

ರಾಜ್ಯೋತ್ಸವದ ಭಾನುವಾರ, ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ, ಹಗಲು ಆಟ, ಎರಡು ಸಾವಿರ ಜನ ಇದ್ದಿರಬೇಕು, ಮೊದಲ ಸಲ ಸತ್ತೆ, ಒನ್ಸ್ ಮೋರ್, ಹೆಬ್ಬೆರಳು ಎದ್ದಿತು, ಎದ್ದೆ, ಹಾಡಿದೆ, ಸತ್ತೆ, ಮತ್ತೆ ಕೂಗು, ಮತ್ತೆ ಎದ್ದಿತು, ಮೂರನೆಯ ಸಲ ಸತ್ತಾಗ ಜನ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು, ನಾನು ಹೆಬ್ಬೆರಳು ನೋಡಿದೆ, ಅದು ಕದಲಲಿಲ್ಲ, ಪೆಡಲ್ ಒತ್ತಿಕೊಂಡು ಸುಮ್ಮನಿತ್ತು, ನನಗೆ ಸಿಟ್ಟು ಬಂತು, ನನ್ನ ಚಪ್ಪಾಳೆ ತಡೆಯಲು ಇವರ್ಯಾರು ಅನ್ನಿಸಿಬಿಟ್ಟಿತು, ಎಂಥ ಸೊಕ್ಕು ನೋಡು, ಹತ್ತೊಂಬತ್ತರ ಸೊಕ್ಕು — ಎದ್ದುಬಿಟ್ಟೆ. ಹಾರ್ಮೋನಿಯಂ ಬರಲಿಲ್ಲ. ಶ್ರುತಿಯಿಲ್ಲದೆ ಶುರು ಮಾಡಿದೆ, ಬಾಗಿಲ ತೆರೆದಿಡು, ಮೇಲಿನ ಸ್ವರಕ್ಕೆ ಹೋದಾಗ ಗಂಟಲಲ್ಲಿ ಏನೋ ಹರಿಯಿತು, ಅಷ್ಟೆ, ಗಾಳಿ ಬಂತು, ಧ್ವನಿ ಬರಲಿಲ್ಲ, ಎರಡು ಸಾವಿರ ಜನರ ಎದುರು ರಾಣಿ ಬಾಯಿ ತೆರೆದುಕೊಂಡು ನಿಂತಿದ್ದಾಳೆ, ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೇಷ್ಟ್ರು ಕೈಸನ್ನೆ ಮಾಡಿ ಪರದೆ ಬಿಡಿಸಿದರು. ನನ್ನ ನಾಲ್ಕನೆಯ ಸಾವು ಪರದೆಯ ಹಿಂದೆ ಆಯಿತು. ಧ್ವನಿ ಎಳೆ ಬಿಡುತ್ತಿದ್ದದ್ದು ಮೂರನೆಯ ಸಲವೇ ಅವರಿಗೆ ಕೇಳಿಸಿತ್ತು, ನನಗೆ ಕೇಳಿಸಿರಲಿಲ್ಲ, ಚಪ್ಪಾಳೆಯ ಗದ್ದಲದಲ್ಲಿ ಹೇಗೆ ಕೇಳಿಸಬೇಕು.

ಮೂರು ತಿಂಗಳು ಮಾತಿಲ್ಲ, ಸ್ಲೇಟಿನ ಮೇಲೆ ಬರೆದು ಅಮ್ಮನಿಗೆ ತೋರಿಸುವುದು, ಹಾಳು ಹುಡುಗಿ ಎಂದು ಅಮ್ಮ ಬಯ್ಯುತ್ತಲೇ ಮೆಣಸು ಜೀರಿಗೆ ಕುದಿಸಿಕೊಡುವುದು, ಮತ್ತೆ ದಿನಾ ಮೂರೂವರೆಗೆ ಮೇಷ್ಟ್ರ ಸೈಕಲ್ಲಿನ ಬೆಲ್ಲು, ಮೊದಲ ಶಿಫ್ಟ್ ಮುಗಿಸಿ, ಕ್ಯಾರಿಯರಿಗೆ ಕೈಹಾರ್ಮೋನಿಯಂ ಪೆಟ್ಟಿಗೆ ಕಟ್ಟಿಕೊಂಡು, ಮೈಯೆಲ್ಲ ಗ್ರೀಸು ವಾಸನೆ, ರಾಜಾಜಿನಗರದಿಂದ ಹೆಗ್ಗನಹಳ್ಳಿಗೆ, ಆಗ ಆ ಕಡೆ ಬಸ್ಸೆಲ್ಲಿತ್ತು, ಜಗಲಿಯ ಮೇಲೆ ಕೂತು ಒಂದೇ ಸ್ವರ ಹಿಡಿಯುತ್ತಿದ್ದರು, ಹಾಡ್ಬೇಡ, ಬರೀ ಕೇಳು, ನಲವತ್ತು ದಿನ ಬರೀ ಕೇಳಿದೆ, ಆಮೇಲೆ ಬಾಯಿ ಮುಚ್ಕೊಂಡು ಸೇರಿಸು ಅಂದರು, ಸೇರಿಸಿದೆ, ಅವರ ಹೆಬ್ಬೆರಳು ಜಗಲಿಯ ಕಲ್ಲಿನ ಮೇಲೆ ನಿಧಾನ ತಾಳ ಹಾಕುತ್ತಿತ್ತು. ಒಂದೇ ಒಂದು ದಿನ, ನಾನು ಹೇಳಿರ್ಲಿಲ್ವಾ, ಅನ್ನಲಿಲ್ಲ ಆ ಮನುಷ್ಯ. ನಾನೇ ಸ್ಲೇಟಿನ ಮೇಲೆ ತಪ್ಪಾಯ್ತು ಎಂದು ಬರೆದು ಹಿಡಿದರೆ ಒರೆಸಿಹಾಕಿದರು, ಗಂಟಲು ನಿಂದೇ ಆದ್ರೂ ಅದನ್ನ ಕಾಯೋ ಕೆಲ್ಸ ಇಬ್ಬರ್ದೂ ಕಣಮ್ಮ ಅಂದರು. ಆ ಧ್ವನಿಯೇ ಇವತ್ತು ಬೆಳಗ್ಗೆ ಹಾಡಿದ್ದು, ಬೇರೆಯದಲ್ಲ, ಜಗಲಿಯ ಮೇಲೆ ಕೂತು ಅವರು ಮತ್ತೆ ಹೊಲಿದುಕೊಟ್ಟದ್ದು.

ಸಿನಿಮಾಕ್ಕೆ ಅದು ಬೇಕಾಗಲಿಲ್ಲ. ನಾಯಕಿಯ ಅಕ್ಕ, ನಾಯಕನ ತಾಯಿ, ಬಾವಿಕಟ್ಟೆಯಲ್ಲಿ ಹಾಡುವ ವಿಧವೆ, ಮೂವತ್ತೆರಡು ಸಿನಿಮಾದಲ್ಲಿ ಹಾಡಿದ್ದೇನೆ, ಒಂದರಲ್ಲೂ ನಾನು ಹಾಡಿಲ್ಲ, ಒಮ್ಮೆ ಒಬ್ಬ ಸಂಗೀತ ನಿರ್ದೇಶಕರು ಎರಡು ಸಾಲು ಹಾಡಿಸಿ, ನಿನ್ ಗಂಟಲಲ್ಲಿ ಮಣ್ಣಿದೆ ಕಣಮ್ಮ, ಮೈಕಿಗೆ ಆಗಲ್ಲ ಅಂದರು, ಬೇಜಾರಾಯಿತು, ಆಗಲಿಲ್ಲ ಎಂದರೆ ಸುಳ್ಳು, ಬಸ್ಸಿನಲ್ಲಿ ಅತ್ತುಕೊಂಡು ಬಂದೆ, ಆದರೆ ಯಾರ್ಯಾರದೋ ಎಂಥೆಂಥ ಧ್ವನಿಗಳು ನನ್ನ ತುಟಿಗೆ ಬಂದವು, ಅವರ ಮುಖ ನಾನು ನೋಡಿಲ್ಲ, ಅವರು ನನ್ನದು ನೋಡಿಲ್ಲ, ಅವರು ಹಾಡಿದ್ದಕ್ಕೆ ಜನ ನನಗೆ ಕೈ ಮುಗಿದರು, ಅವರೆಲ್ಲರ ಋಣ ನನ್ನ ಮೇಲಿದೆ. ಮೇಷ್ಟ್ರು ಮಾಗಡಿ ರಸ್ತೆಯ ಟಾಕೀಸಿನಲ್ಲಿ ನೋಡಿಕೊಂಡು ಬಂದು ಒಂದೇ ಮಾತು ಹೇಳಿದ್ದು, ಧ್ವನಿ ಯಾರ್ದಾದ್ರೂ ಇರ್ಲಿ, ಉಸಿರು ಸರಿಯಾದ ಜಾಗದಲ್ಲಿ ತಗೊಂಡಿದೀಯ ಬಿಡು. ಅಷ್ಟು ಸಾಕಾಗಿತ್ತು. ನಾಟಕ ಕೊಟ್ಟಿತು, ಸಿನಿಮಾ ಕೊಟ್ಟಿತು, ಈ ಸೀರಿಯಲ್ಲು ವಿಜಯನಗರದ ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು ಒಂದು ಕಟ್ಟು ಹೆಚ್ಚಿಗೆ ಹಾಕುವಷ್ಟು ಪ್ರೀತಿ ಕೊಟ್ಟಿತು, ಇನ್ನು ಕೇಳಿದರೆ ದುರಾಸೆ — ಆದರೂ ಕೇಳುತ್ತಿದ್ದೇನೆ, ಒಂದೇ ಒಂದು, ಆ ಹಾಡು ಉಳಿಯಲಿ, ಈ ಮಣ್ಣು ಸೇರಿದ ಗಂಟಲಿನಲ್ಲೇ ಉಳಿಯಲಿ, ಮೇಷ್ಟ್ರೇ, ನಿಮಗೆ ಕೊಡಲು ನನ್ನ ಹತ್ತಿರ ಇನ್ನೇನಿದೆ ಹೇಳಿ.

ಸದ್ದು ಕಡಿಮೆಯಾಗಿದೆ. ಲೈಟು ಮುಗಿಯಿತೇನೋ. ಹೆಣದ ಶಾಟ್ ಆದ ಮೇಲೆ ಕ್ಯಾಮೆರಾ ನೋಡಿ ಒಮ್ಮೆ ನಗಬೇಕು, ಇಲ್ಲದಿದ್ದರೆ ಒಳ್ಳೆಯದಲ್ಲ ಅಂತ ಇವರ ನಂಬಿಕೆ, ನಗಬಲ್ಲೆನೇ ನೋಡಬೇಕು, ಅರೆಗಣ್ಣು ತೆರೆಯುತ್ತೇನೆ, ಸ್ವಲ್ಪವೇ, ರೆಪ್ಪೆಯ ಸಂದಿನಲ್ಲಿ — ನೆಲ, ಕೇಬಲ್ಲು, ವಚನಾಳ ಸೀರೆಯ ಅಂಚು, ಅದರಾಚೆ ಗೋಡೆಗೊರಗಿ ಯಾರೋ ನೆಲದಲ್ಲಿ ಕೂತಿದ್ದಾರೆ, ಕಾಲು ಚಾಚಿಕೊಂಡು, ಬರಿಗಾಲು, ಹೆಣದ ಎದುರು ಚಪ್ಪಲಿ ಹಾಕಬಾರದು ಎಂದು ಎಲ್ಲರದ್ದೂ ಹೊರಗೆ ಬಿಡಿಸಿದ್ದಾರೆ, ಪಕ್ಕದಲ್ಲಿ ಸೌಂಡ್ ಪೆಟ್ಟಿಗೆ, ಮಧುಕುಮಾರ್, ಮುಖ ಕಾಣುವುದಿಲ್ಲ, ಹೆಡ್‌ಫೋನಿನ ವೈರು ಕಾಣುತ್ತದೆ, ಕಾಲು ಸುಮ್ಮನಿದೆ, ಕೇಳುತ್ತಿದ್ದಾನೋ ಕೇಳಿ ಮುಗಿಸಿದ್ದಾನೋ, ಸುಮ್ಮನಿದೆ, ಪೆಡಲ್ ಒತ್ತಿಕೊಂಡ ಹಾಗೆ — ಏಳಬೇಡ, ಶೋಭಾ, ಏಳಬೇಡ, ನೋಡು — ಬಾಗಿಲಿನಿಂದ ಮಹದೇವ್, ಮಧೂ, ಏನ್ ಮಾಡೋಣ, ಟ್ರ್ಯಾಕೇ ಹಾಕ್ಬಿಡೋಣ್ವಾ, ಅವನು ಕೈ ಚಾಚಿ ಪೆಟ್ಟಿಗೆಯ ಗುಂಡಿ ಒತ್ತುತ್ತಾನೆ, ಮೊದಲಿನಿಂದ ಕೇಳುತ್ತಾನೆ, ಬಾಗಿಲ ತೆರೆದಿಡು, ನನಗೇನೂ ಕೇಳಿಸುವುದಿಲ್ಲ, ಆದರೆ ಲೆಕ್ಕ ಗೊತ್ತಿದೆ, ಈಗ ಮಗಳೇ, ಈಗ ಬೆಳಕಿಗೂ, ಈಗ ಮೇಲಿನ ಸ್ವರ, ಅಲ್ಲೇ ಅಂದು ಹರಿದದ್ದು, ಅಲ್ಲೇ ಉಸಿರು ತಗೋಬೇಕು ಎಂದು ಮೇಷ್ಟ್ರು ಹೇಳಿಕೊಟ್ಟದ್ದು, ತಗೊಂಡಿದ್ದೇನೆ ಬೆಳಗ್ಗೆ — ಬೇಡ ಸಾರ್, ಟ್ರ್ಯಾಕ್ ಬೇಡ, ಅಮ್ಮಂದೇ ಇರ್ಲಿ, ಮಧುವಿನ ಧ್ವನಿ, ತಗ್ಗಿದ ಧ್ವನಿ, ಎಲ್ರೂ ರೆಡೀನಾ ಅನ್ನುತ್ತಿದ್ದಾಳೆ ಅನು, ಕಣ್ಣು ಮುಚ್ಚಬೇಕು, ಹೆಣದ ಕಣ್ಣು ಒದ್ದೆಯಾಗಬಾರದು, ಮುಚ್ಚಲಾರೆ, ಇನ್ನೊಂದು ಕ್ಷಣ, ಪಲ್ಲವಿ ಮರಳಿ ಬರುವ ಹೊತ್ತು, ಅಲ್ಲಿ, ನೆಲದ ಮೇಲೆ, ಸರಿಯಾಗಿ ಆ ಉಸಿರಿನ ಜಾಗದಲ್ಲಿ, ಅವನಿಗೇ ಗೊತ್ತಿಲ್ಲದೆ, ಹೆಬ್ಬೆರಳು, ಮೇಷ್ಟ್ರೇ, ಹೆಬ್ಬೆರಳು ಎದ್ದಿದೆ —