ಮೂರನೇ ತೂತಿನ ಸಾಕ್ಷಿ

ಬೆಳಿಗ್ಗೆ ಹತ್ತೂವರೆಗೆ ಗದಗಿನ ಆಸ್ಪತ್ರೆಯೊಂದರಲ್ಲಿ ನರ್ಸ್ ನನ್ನ ಬಕಲ್ ಬಿಚ್ಚಿದರು. ನನ್ನ ಯಜಮಾನರಿಗೆ ಹೃದಯಾಘಾತವಾಗಿತ್ತು.

ನಾನು ಒಂದು ಬೆಲ್ಟ್. ಎಮ್ಮೆಯ ಚರ್ಮದ್ದು, ಕಪ್ಪು ಬಣ್ಣದ್ದು. ಬೆಟಗೇರಿಯ ಅಂಗಡಿಯೊಂದರಲ್ಲಿ ನನ್ನನ್ನು ಕತ್ತರಿಸಿ, ಅಂಚು ಹೊಲಿದು, ಐದು ತೂತು ಹೊಡೆದರು. ಮದುವೆಯ ಸೂಟಿಗೆಂದು ಬೀಗರು ನನ್ನನ್ನು ಕೊಂಡು ಸಂಗನಗೌಡರಿಗೆ ಕೊಟ್ಟರು. ಅವರು ಹೈಸ್ಕೂಲಿನ ಪಿ.ಟಿ. ಮಾಸ್ತರು, ಕಬಡ್ಡಿ ಆಡಿ ಗಟ್ಟಿಯಾದ ಮೈ. ಅಂದು ಬಕಲ್ಲಿನ ಮುಳ್ಳು ಮೂರನೇ ತೂತಿಗೆ ಸೇರಿತು.

ಆ ಮೈಮೇಲೆ ನನಗಿಂತ ಮೊದಲೇ ಒಂದು ಉಡಿದಾರವಿತ್ತು. ಕರಿದಾರ. ಚಿಕ್ಕಂದಿನಲ್ಲಿ ತಾಯಿ ಕಟ್ಟಿದ ಜಾಗದಲ್ಲೇ, ಹೊಕ್ಕಳ ಮೇಲೆ, ಗೌಡರು ಅದನ್ನು ಬಿಗಿದು ಕಟ್ಟಿಕೊಳ್ಳುತ್ತಿದ್ದರು. ಅಂಗಿಯೊಳಗಿನ ಆ ದಾರವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ವರ್ಷಗಳು ಕಳೆದವು. ಮಕ್ಕಳ ಜೊತೆ ಓಡುತ್ತಿದ್ದ ಮಾಸ್ತರು ಮೈದಾನದ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಸೀಟಿ ಊದತೊಡಗಿದರು. ಸಂಜೆಗೆ ಮಂಡಕ್ಕಿಯ ಗಿರ್ಮಿಟ್ಟು, ಜೊತೆಗೆ ಮಿರ್ಚಿ ಭಜಿ. ಕೈಕಾಲು ಮೊದಲಿನಂತೆಯೇ ಇದ್ದವು, ಹೊಟ್ಟೆ ಮಾತ್ರ ಮುಂದೆ ಬಂತು. ಹೊಟ್ಟೆ ಬಂದಂತೆ ಪ್ಯಾಂಟು ಕೆಳಗೆ ಜಾರಿತು, ಅದರ ಜೊತೆ ನಾನೂ ಜಾರಿ ಟೊಂಕದ ಎಲುಬಿನ ಮೇಲೆ ಕೂತೆ. ಎಲುಬು ದಪ್ಪವಾಗುವುದಿಲ್ಲ. ಆದ್ದರಿಂದ ನನ್ನ ಮೂರನೇ ತೂತು ಬದಲಾಗಲಿಲ್ಲ.

ಉಡಿದಾರ ಮಾತ್ರ ಮೈಮೇಲೆ ಕೆಂಪು ಗೆರೆ ಮೂಡಿಸಿ, ಕೊನೆಗೆ ಹರಿದುಹೋಗುತ್ತಿತ್ತು.

"ಮತ್ತ ಹರೀತೇನ್ರಿ?" ಎಂದು ಗೌಡರ ಹೆಂಡತಿ ಕಸ್ತೂರಿ ಕೇಳುತ್ತಿದ್ದರು.

"ಈಗಿನ ದಾರ ಎಲ್ಲಿ ಗಟ್ಟಿ ಇರ್ತಾವ? ಅಂಗಡ್ಯಾಂವ ಟೊಪಗಿ ಹಾಕ್ಯಾನ ನಿನಗ."

ಕಸ್ತೂರಿ ಅಂಗಡಿಯವನಿಗೆ ಬೈದು ಇನ್ನೊಂದು ತರುತ್ತಿದ್ದರು, ಪ್ರತಿ ಸಲ ಹಿಂದಿನದಕ್ಕಿಂತ ತುಸು ಉದ್ದದ್ದು. ಹರಿದ ದಾರ ಕಸದ ಬುಟ್ಟಿಗೆ ಹೋಗುತ್ತಿತ್ತು. ನನಗೆ ಭಾನುವಾರ ಬೆಳಿಗ್ಗೆ ಪಾಲಿಶ್ ಸಿಗುತ್ತಿತ್ತು. ಹೊಳೆಯುವುದು ನನಗೂ ಹಿತವಾಗಿತ್ತು.

ಒಮ್ಮೆ ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆಯಿತು. ಗದಗಿನ ಅದೇ ಆಸ್ಪತ್ರೆಯಿಂದ ಡಾಕ್ಟರ್ ಶಾಹೀನ್ ಅಳತೆಯ ಟೇಪು ಹಿಡಿದು ಬಂದರು. ಗೌಡರು ಅಂಗಿ ಎತ್ತಿ ನನ್ನನ್ನು ತೋರಿಸಿದರು.

"ಟೇಪ್ ಯಾಕ್ರಿ ಮೇಡಂ? ಲಗ್ನದಾಗ ಹಾಕ್ಕೊಂಡ ಬೆಲ್ಟ್ ಇದು. ಅವತ್ತೂ ಮೂರನೇ ತೂತ, ಇವತ್ತೂ ಮೂರನೇ ತೂತ!"

"ಬೆಲ್ಟಿನ ಅಳತಿ ಬ್ಯಾಡ್ರಿ ಸರ, ಹೊಟ್ಟೀದು ಬೇಕು. ಗಂಡಸರದ್ದು ತೊಂಬತ್ತು ಸೆಂಟಿಮೀಟರ್ ದಾಟಬಾರದು."

"ಅದನ್ನ ಹೆಡ್‌ಮಾಸ್ತರಿಗೆ ಹೇಳ್ರಿ. ಅವರ ಹೊಟ್ಟಿ ಅವರಕಿಂತ ಮೊದಲ ಆಫೀಸಿಗೆ ಬರತೈತಿ."

ಎಲ್ಲರೂ ನಕ್ಕರು, ಹೆಡ್‌ಮಾಸ್ತರೂ ನಕ್ಕರು. ಟೇಪು ಸುತ್ತಿಕೊಂಡು ಪೆಟ್ಟಿಗೆ ಸೇರಿತು. ಆ ಕ್ಷಣಕ್ಕೆ ನನ್ನ ಹೊಲಿಗೆ ಬಿಟ್ಟಿದ್ದರೆ ಸಾಕಿತ್ತು ಎಂದು ಈಗ ಅನಿಸುತ್ತದೆ. ಬಿಡಲಿಲ್ಲ. ಅಷ್ಟು ಗಟ್ಟಿ ಹೊಲಿದಿದ್ದರು.

ಮತ್ತೆರಡು ವರ್ಷಕ್ಕೆ, ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಗೌಡರು ಎದೆ ಹಿಡಿದುಕೊಂಡು ಕುಸಿದರು.

ಆಸ್ಪತ್ರೆಯಲ್ಲಿ ಅವರ ಬಟ್ಟೆಯ ಜೊತೆ ನನ್ನನ್ನೂ ಒಂದು ಚೀಲಕ್ಕೆ ಹಾಕಿ ಕಸ್ತೂರಿಯವರ ಕೈಗೆ ಕೊಟ್ಟರು. ಅವರ ಮಡಿಲಲ್ಲಿ ಕೂತೇ ನಾನು ಡಾಕ್ಟರ್ ಶಾಹೀನ್ ಹೇಳಿದ್ದನ್ನು ಕೇಳಿದೆ. ರಕ್ತನಾಳಕ್ಕೆ ಸ್ಟೆಂಟ್ ಹಾಕಿಯಾಗಿತ್ತು. ಜೀವಕ್ಕೆ ಅಪಾಯವಿರಲಿಲ್ಲ.

"ಹೊಟ್ಟಿ ಒಳಗಿನ ಕೊಬ್ಬು ಸುಮ್ಮನ ಕೂಡೂದಿಲ್ರಿ. ರಕ್ತದಾಗ ಹಾರ್ಮೋನ್ ಬಿಡತೈತಿ. ಲೆಪ್ಟಿನ್ ಅಂತ ಒಂದು. ಸಾಕು, ಉಣ್ಣೂದು ನಿಲ್ಲಸು ಅಂತ ಮಿದುಳಿಗೆ ಹೇಳೂದು ಅದರ ಕೆಲಸ. ಕೊಬ್ಬು ಹೆಚ್ಚಾದಂಗ ಅದೂ ಹೆಚ್ಚಾಗತೈತಿ, ಆದ್ರ ಮಿದುಳು ಅದರ ಮಾತ ಕೇಳೂದಿಲ್ಲ. ಅಡಿಪೋನೆಕ್ಟಿನ್ ಅಂತ ಇನ್ನೊಂದು. ಇನ್ಸುಲಿನ್ ಕೆಲಸಕ್ಕ ಅದು ನೆರವಾಗತೈತಿ, ರಕ್ತನಾಳ ಕಾಯತೈತಿ. ಒಳಗ ಕೊಬ್ಬು ತುಂಬಿದಂಗ ಅದು ಕಡಿಮಿ ಆಗತೈತಿ."

"ಅದರಿಂದ ಹಿಂಗಾತೇನ್ರಿ?"

"ಅದೊಂದ ಕಾರಣ ಅಂತ ನಾ ಹೇಳೂದಿಲ್ಲ. ಸಕ್ರಿ ಐತಿ, ಬಿ.ಪಿ. ಐತಿ. ಅವರಿಗೆ ಗೊತ್ತ ಇರಲಿಲ್ಲ ಅಷ್ಟ. ಅವತ್ತ ಸಾಲ್ಯಾಗ ಹೊಟ್ಟಿ ಅಳತಿ ತಗೊಂಡಿದ್ರ ಆಗ ರಕ್ತಾನೂ ನೋಡತಿದ್ವಿ."

ಕಸ್ತೂರಿ ಚೀಲವನ್ನು ಬಿಗಿಯಾಗಿ ಹಿಡಿದರು. "ಉಡಿದಾರ ತಂದಾಕಿ ನಾನ ರೀ ಮೇಡಂ. ಪ್ರತಿ ಸಲ ಉದ್ದದ್ದು ಬೇಕು ಅಂತ ಕೇಳಿ ತಂದೀನಿ. ಕೈಯಾಗ ಹಿಡದ್ರೂ ತಿಳೀಲಿಲ್ಲ ನನಗ."

ಡಾಕ್ಟರ್ ಅವರಿಗೆ ಹೊಟ್ಟೆ ಅಳೆಯುವ ಒಂದು ಸುಲಭದ ದಾರಿ ಹೇಳಿಕೊಟ್ಟರು. ಮನುಷ್ಯನ ಎತ್ತರದಷ್ಟು ದಾರ ತೆಗೆದುಕೊಳ್ಳಬೇಕು, ಅರ್ಧಕ್ಕೆ ಮಡಚಬೇಕು. ಅದು ಹೊಕ್ಕಳ ಸುತ್ತ ಬಂದು ಕೂಡಬೇಕು. ಕೂಡದಿದ್ದರೆ ಹೊಟ್ಟೆ ಮಿತಿ ಮೀರಿದೆ, ರಕ್ತ ಪರೀಕ್ಷೆ ಮಾಡಿಸಬೇಕು.

ಕಸ್ತೂರಿ ತಪ್ಪನ್ನೆಲ್ಲ ತಮ್ಮ ತಲೆಗೆ ಕಟ್ಟಿಕೊಂಡರು. ಗೌಡರು ಅಂಗಿ ಎತ್ತಿ ತೋರಿಸಿದ್ದು ನನ್ನನ್ನು. ಈ ಮಾತು ಹೇಳಲು ನನಗೆ ಬಾಯಿಲ್ಲ.

ಗೌಡರು ಮನೆಗೆ ಬಂದರು. ಲಾಡಿಯ ಪೈಜಾಮ ಹಾಕಿ ಮುಂಜಾನೆ ನಡೆಯತೊಡಗಿದರು. ನಾನು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡಿದೆ. ಚರ್ಮ ಬಿರುಕು ಬಿಟ್ಟಿತು, ಬಕಲ್ ಮಂಕಾಯಿತು. ಯಾರೂ ಪಾಲಿಶ್ ಮಾಡಲಿಲ್ಲ. ಮಾಡಬೇಕೆಂದು ನನಗೂ ಅನಿಸಲಿಲ್ಲ.

ಒಂದು ಮಧ್ಯಾಹ್ನ ಗೌಡರ ತಮ್ಮ ವಿರೂಪಾಕ್ಷ ಹಾವೇರಿಯಿಂದ ಬಂದ. ಊಟ ಮಾಡಿ ಕೈ ಒರೆಸುವಾಗ ನನ್ನನ್ನು ಕಂಡ.

"ಅಣ್ಣಾ, ಇದು ನಿನಗ ಬ್ಯಾಡಂದ್ರ ನನಗ ಕೊಡು. ಇಂಥಾ ಚರ್ಮ ಈಗ ಸಿಗೂದಿಲ್ಲ."

ಹೊಟ್ಟೆಯ ಕೆಳಗೆ ಸುತ್ತಿಕೊಂಡು ಮುಳ್ಳು ಸೇರಿಸಿದ. ಮೂರನೇ ತೂತು.

"ನೋಡ್ರಿ ವೈನಿ, ಕಬಡ್ಡಿ ಆಡಿದ ಅಣ್ಣನ ಅಳತೀನ ನಂದು!" ಎಂದು ಅತ್ತಿಗೆಯತ್ತ ತಿರುಗಿದ.

ಮತ್ತೊಂದು ಹೊಟ್ಟೆಯ ಕೆಳಗೆ, ಮತ್ತೆ ಅದೇ ಸುಳ್ಳು ಸಾಕ್ಷಿ. ಆಗ ನನಗಾದ ಸಂಕಟ ಆಸ್ಪತ್ರೆಯ ಬೆಳಿಗ್ಗೆಯೂ ಆಗಿರಲಿಲ್ಲ.

"ವಿರೂಪಾಕ್ಷಾ, ಬಿಚ್ಚು ಅದನ್ನ," ಎಂದರು ಗೌಡರು. "ನಾನೂ ಹಿಂಗ ಅಂತಿದ್ದೆ."

ಕಸ್ತೂರಿ ಕರಿದಾರದ ಉಂಡೆ ತಂದರು. ಗೌಡರು ಅದರ ತುದಿಯನ್ನು ತಮ್ಮನ ನೆತ್ತಿಗೆ ಹಿಡಿದರು, ಕಸ್ತೂರಿ ಹಿಮ್ಮಡಿಯ ಹತ್ತಿರ ಕತ್ತರಿಸಿ ಅರ್ಧಕ್ಕೆ ಮಡಚಿ ಅವನ ಹೊಕ್ಕಳ ಸುತ್ತ ತಂದರು. ತುದಿಗಳು ಕೂಡಲಿಲ್ಲ.

"ದಾರ ಗಿಡ್ಡಾತಲ್ರಿ ವೈನಿ."

"ನಿನ್ನ ಎತ್ತರದ್ದ ಐತಪ್ಪಾ ಅದು."

ಮರುದಿನ ಬೆಳಿಗ್ಗೆ ವಿರೂಪಾಕ್ಷ ಚಹಾ ಕುಡಿಯದೆ ಖಾಲಿ ಹೊಟ್ಟೆಯಲ್ಲೇ ಅಣ್ಣನ ಜೊತೆ ನಡೆದು ಹೋಗಿ ರಕ್ತ ಪರೀಕ್ಷೆಗೆ ಕೊಟ್ಟುಬಂದ.