ಕೂಸಿನ ಕೊರಳಿಗೆ ಬಸವನ ನಾಣ್ಯ

ರಾಂಪುರದ ಉಚ್ಚಂಗೆಮ್ಮ ಹುಡುಗಿಯಾಗಿದ್ದಾಗ, ತವರಿನ ಹತ್ತಿರದ ಬ್ರಹ್ಮಗಿರಿ ಬೆಟ್ಟದ ಬುಡದಲ್ಲಿ ಕುರಿ ಕಾಯುತ್ತಿರಲು, ಮಳೆ ತೊಳೆದ ನೆಲದಿಂದ ಬಸವಣ್ಣ ತಾನೇ ಎದ್ದು ಅವಳ ಅಂಗೈಗೆ ಬಂದನಂತೆ. ಮೊಮ್ಮಗಳು ತೇಜಶ್ರೀ ಈ ಕತೆ ಕೇಳುತ್ತಲೇ ಬೆಳೆದವಳು. ಬಸವಣ್ಣ ಅಂದರೆ ಒಂದು ಹಳೇ ನಾಣ್ಯ. ಒಂದು ಮೈಗೆ ಡುಬ್ಬದ ಗೂಳಿ, ಇನ್ನೊಂದು ಮೈಗೆ ಮರದಂಥದ್ದೇನೋ. ಅಣ್ಣ ಮಾರುತೇಶನ ಗಂಡುಕೂಸಿಗೆ ಐದು ತಿಂಗಳು ತುಂಬಿದ್ದೇ ತಡ, ನಾಣ್ಯಕ್ಕೆ ತೂತು ಹಾಕಿಸಿ ಅದರ ಕೊರಳಿಗೆ ಕಟ್ಟಬೇಕೆಂದು ಅಜ್ಜಿ ಹಟ ಹಿಡಿದಳು. ಸೋಮವಾರ ಚಳ್ಳಕೆರೆಯ ಚಿನ್ನಬೆಳ್ಳಿ ಕೆಲಸದ ಆಚಾರಿಯ ಹತ್ತಿರ ಹೋಗುವುದೆಂದಾಯಿತು.

ತೇಜಶ್ರೀಗೆ ನಾಣ್ಯ ಕೂಡಿಸುವ ಹುಚ್ಚು ಹೊಸತು. ತೂತು ಬೀಳುವುದರೊಳಗೆ ಇದು ಯಾರ ಕಾಲದ್ದೆಂದು ತಿಳಿಯುವ ಆಸೆಗೆ ಫೋಟೊ ತೆಗೆದು ನಾಣ್ಯ ಕೂಡಿಸುವವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಒಬ್ಬರು ಪಾಳೇಗಾರರದು ಅಂದರು, ಒಬ್ಬರು ನಕಲಿ ಅಂದರು, ಮತ್ತೊಬ್ಬರು ಹುಣಸೆಹಣ್ಣು ಹಾಕಿ ತಿಕ್ಕಿ ನೋಡಿ ಅಂದರು. ತಿಕ್ಕಲು ಅವಳಿಗೆ ಮನಸ್ಸಾಗಲಿಲ್ಲ. ತನ್ನ ನಾಣ್ಯದ ಡಬ್ಬಿಯಲ್ಲಿದ್ದ ತಾಮ್ರದ ಆನೆಕಾಸಿನ ಪಕ್ಕ ಇಟ್ಟು ನೋಡಿದಳು. ಅದಕ್ಕೆ ಹಸಿರು ಹತ್ತಿತ್ತು, ಇದು ಬರೀ ಬೂದು. ಕಲ್ಲಿನ ಮೇಲೆ ಬಿಟ್ಟರೆ ಖಣ್ ಅನ್ನಲಿಲ್ಲ, ಮಣ್ಣಿನ ಹೆಂಟೆ ಬಿದ್ದ ಹಾಗೆ ಸದ್ದಾಯಿತು. ಕಾಗದದ ಮೇಲೆ ಅಂಚು ಎಳೆದರೆ ಪೆನ್ಸಿಲ್ಲಿನಂಥ ಗೆರೆ ಮೂಡಿತು.

ಸೀಸ! ಸಾತವಾಹನರ ಕಾಲದಲ್ಲಿ ಚಿತ್ರದುರ್ಗದ ಸೀಮೆಯೊಳಗೆ ಗೂಳಿ, ಮರ ಇರುವ ಸೀಸದ ನಾಣ್ಯಗಳು ಓಡಾಡುತ್ತಿದ್ದವೆಂದು ಅವಳು ಓದಿದ್ದಳು. ಮೈ ಜುಮ್ಮೆಂದಿತು. ಮರುಗಳಿಗೆಗೇ ತೊಟ್ಟಿಲ ಕೂಸು ಕಣ್ಮುಂದೆ ಬಂದು ಖುಷಿ ಇಳಿದುಹೋಯಿತು. ಸೀಸ ಮಕ್ಕಳ ಹೊಟ್ಟೆಗೆ ಹೋದರೆ ವಿಷ. ಹೇಳಿದರೆ ಅಜ್ಜಿ ಏನೆಂದುಕೊಳ್ಳುತ್ತಾಳೋ ಎಂದು ಸೋಮವಾರ ಬಸ್ಸಿನ ದಾರಿಯುದ್ದಕ್ಕೂ ಬಾಯಿ ಬರಲಿಲ್ಲ. ಆಚಾರಿಯ ಅಂಗಡಿ ಎದುರು ನಿಂತ ಮೇಲೆಯೇ ಎಲ್ಲ ಹೇಳಿದಳು.

“ನಿನ್ನ ಡಬ್ಬಿಗೆ ಬೇಕು ಅಂದ್ರೆ ಬೇಕು ಅನ್ನೇ ತಾಯಿ. ಕೂಸಿನ ನೆಪ ಯಾಕೆ ಹೇಳ್ತೀಯಾ?” ಅಜ್ಜಿಯ ದನಿ ಏರಲಿಲ್ಲ. “ಇಷ್ಟು ವರ್ಷ ಎಲೆಅಡಿಕೆ ಚೀಲದಾಗೆ ಇಟ್ಕಂಡೀನಿ. ನನಗೇನಾಗೈತೆ?”

“ನೀನು ಅದನ್ನ ಚೀಪಲಿಲ್ಲವಲ್ಲ ಅಜ್ಜಿ. ಅವನು ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕಂತಾನೆ. ನನಗೆ ಬ್ಯಾಡ, ದುರ್ಗದ ಮ್ಯೂಸಿಯಮ್ಮಿಗೆ ಕೊಡು. ಅವನ ಕೊರಳಿಗೆ ಮಾತ್ರ ಬ್ಯಾಡ.”

ಅಜ್ಜಿ ಸೆರಗಿನ ತುದಿ ನೋಡಿಕೊಂಡಳು. ಬೆಳಿಗ್ಗೆ ಕೂಸು ಚೀಪಿದ ಕಡೆ ಇನ್ನೂ ಮುದುಡಿಕೊಂಡೇ ಇತ್ತು.

ಒಳಗೆ ಕೂತಿದ್ದ ಆಚಾರಿ, ತೂತು ಗೂಳಿಯ ಮುಂದೋ ಹಿಂದೋ ಎಂದು ಕೇಳಿದ. ತೂತೇ ಬ್ಯಾಡ, ಬೆಳ್ಳೀಲಿ ಒಂದು ಪುಟ್ಟ ಬಸವನ್ನ ಮಾಡಿಕೊಡಪ್ಪ ಎಂದಳು ಅಜ್ಜಿ. ನಾಣ್ಯವನ್ನು ಮೊಮ್ಮಗಳ ಅಂಗೈಗೆ ಹಾಕಿ, ದುರ್ಗಕ್ಕೆ ಇಬ್ಬರೂ ಕೂಡೇ ಹೋಗಾನ ಎಂದಳು.

ಆಮೇಲೆ ಮೆಟ್ಟಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚಲು ಹೋದವಳು ತಡೆದು, ಆಚಾರಿಯಿಂದ ಒಂದು ಚೊಂಬು ನೀರು ಈಸಿಕೊಂಡಳು. ಒಂದೊಂದೇ ಬೆರಳನ್ನು ತಿಕ್ಕಿ ತೊಳೆದು, ಉಳಿದ ನೀರನ್ನು ತೇಜಶ್ರೀಯ ಕೈಮೇಲೆ ಹೊಯ್ದಳು.