ಮೂರಕ್ಕೆ ಬಾಗಿಲು

ಮೂರೋ, ಎಂಟೋ? ಅಂದಿನ ರೇಸಿನಲ್ಲಿ ಮೂರು ಎಂದು ಓದಿದ್ದು ನಿಜ. ಆದರೆ ಅಲ್ಲಿ ಇದ್ದದ್ದು ಮೂರೇ ಆಗಿದ್ದರೆ ಮುಕ್ತಾಯದ ಗೆರೆ ಅಷ್ಟು ದೂರ ಇರುತ್ತಿರಲಿಲ್ಲ. ಹಾಗಾದರೆ ಎಂಟು. ಬೆವರು ಕಣ್ಣಿಗೆ ಇಳಿದಿತ್ತೇನೋ, ರಸ್ತೆ ಕುಲುಕಿತ್ತೇನೋ ಎಂದು ಅವನು ತನಗೆ ತಾನೇ ಸಬೂಬು ಹೇಳಿಕೊಳ್ಳುತ್ತಿರುವಾಗಲೇ ಕೈಯಲ್ಲಿದ್ದ ಲೆನ್ಸು ಸಾಣೆಕಲ್ಲಿಗೆ ಓರೆಯಾಗಿ ತಗುಲಿ ಕಿರ್ರೆಂದಿತು. ಅಂಚು ಹಾರಿಹೋಯಿತು. ಈ ವಾರ ಇದು ಎರಡನೆಯದು.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಅವನು ಫ್ರೇಮಿಗೆ ತಕ್ಕಂತೆ ಲೆನ್ಸು ಕತ್ತರಿಸುತ್ತಿದ್ದ. ಊರಿನವರ ಕಣ್ಣೆಲ್ಲ ಅವನ ಕೈ ದಾಟಿಯೇ ಹೋಗಿತ್ತು. ತನ್ನ ಕಣ್ಣಿಗೆ ನಲವತ್ತಮೂರು ವರ್ಷವಾಯಿತು, ಹತ್ತಿರದ್ದು ಮಸುಕಾಗತೊಡಗಿದೆ ಎಂಬುದನ್ನು ಮಾತ್ರ ಅವನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಸ್ಕ್ರೂ ಡಬ್ಬಿಗಳ ಹಿಂದೆ, ಎರಡು ವಸ್ತು ಅಡಗಿದ್ದವು: ತಾನೇ ಕದ್ದುಮುಚ್ಚಿ ಮಾಡಿಕೊಂಡ ಓದುವ ಕನ್ನಡಕ, ಮತ್ತು ಅಂಗೈ ಅಗಲದ ಹೊಸ ಜಿಪಿಎಸ್ ಮೀಟರು. ಸೈಕಲ್ಲಿನ ಹ್ಯಾಂಡಲ್ಲಿಗೆ ಹಾಕುವಂಥದ್ದು, ಗೆರೆಗೆ ಇನ್ನೆಷ್ಟು ಕಿಲೋಮೀಟರು ಉಳಿದಿದೆ ಎಂದು ತೋರಿಸುವಂಥದ್ದು. ನಾಳೆ ರೇಸು. ಇಷ್ಟು ದೊಡ್ಡದು ಯಾಕೆಂದು ಎಲ್ಲರೂ ಕೇಳುತ್ತಾರೆ; ಹಾಕಲೋ ಬೇಡವೋ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ.

ಅವರ ತಂಡದಲ್ಲಿ ಒಂದು ಪದ್ಧತಿಯಿತ್ತು. ಕೊನೆಯಲ್ಲಿ ಗೆರೆಯತ್ತ ನುಗ್ಗುವವನ ಸೈಕಲ್ಲಿನಲ್ಲಿ ಮೀಟರು ಇರಕೂಡದು. ಅವನು ತಲೆ ತಗ್ಗಿಸಿ ಅಂಕಿ ನೋಡಕೂಡದು. ಅವನ ಮುಂದೆ ಗಾಳಿ ಸೀಳುತ್ತ ಹೋಗುವವನೇ ಅವನ ಕಣ್ಣು. ಗೆರೆಗೆ ಮುನ್ನೂರು ಮೀಟರು ಉಳಿದಾಗ, ಅಂದರೆ ಮೀಟರಿನಲ್ಲಿ ಸೊನ್ನೆ ಚುಕ್ಕೆ ಮೂರು ಬಂದಾಗ, ಮುಂದಿನವನು ‘ಬಾಗಿಲು’ ಎಂದು ಕೂಗಿ ಪಕ್ಕಕ್ಕೆ ಸರಿಯಬೇಕು. ಹಿಂದಿನವನು ಕೇಳಿದ ಕ್ಷಣವೇ ನುಗ್ಗಬೇಕು. ಆರು ವರ್ಷದಿಂದ ಬಾಗಿಲು ತೆಗೆಯುವವನು ಇವನು. ನುಗ್ಗುವವನು ಇವನ ಹೆಂಡತಿಯ ತಮ್ಮ.

ಎರಡು ತಿಂಗಳ ಹಿಂದಿನ ರೇಸಿನಲ್ಲಿ ಗೆರೆ ಒಂದು ತಿರುವಿನ ಆಚೆಗಿತ್ತು, ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಬೆಂಕಿಪೊಟ್ಟಣದಷ್ಟಿದ್ದ ಹಳೆಯ ಮೀಟರಿನಲ್ಲಿ ಅವನು ಅಂಕಿ ಓದಿದ, ಬಾಗಿಲು ಎಂದ. ಬಾಮೈದ ಬಾಣದಂತೆ ಹೋದ. ಗೆರೆಗೆ ಇನ್ನು ನೂರು ಮೀಟರು ಇರುವಾಗ ಅವನ ಕಾಲು ಸತ್ತವು. ಹಿಂದಿದ್ದವರೆಲ್ಲ ದಾಟಿಕೊಂಡು ಹೋದರು.

ತಂಡದ ಕೊಳಾಯಿ ರಿಪೇರಿಯವನು, ಎಲ್ಲರೂ ನಲ್ಲಿ ಎಂದು ಕರೆಯುವವನು, ಅಂದು ಹೇಳಿದ್ದ: “ಬಾಗಿಲು ಸ್ವಲ್ಪ ಬೇಗ ತೆಗೆದ್ರೇನೋ ಅಣ್ಣ.”

ಅವನು ಉತ್ತರ ಕೊಡುವ ಮೊದಲೇ ಬಾಮೈದ ಸಿಡುಕಿದ್ದ: “ಭಾವ ತಪ್ಪು ಕರೆಯಲ್ಲ. ನನ್ನ ಕಾಲೇ ಕೈಕೊಟ್ಟಿತು.”

“ಕಾಲು ಕೈಕೊಡೋದು ಇದೇ ಮೊದಲು ಕೇಳ್ತಿರೋದು,” ಎಂದು ನಲ್ಲಿ ನಕ್ಕಿದ್ದ. ಎಲ್ಲರೂ ನಕ್ಕರು. ಅವನೂ ನಕ್ಕ.

ಆಮೇಲೆ ಬಾಮೈದ ರಕ್ತ ಪರೀಕ್ಷೆ ಮಾಡಿಸಿದ. ಬೂಟು ಬದಲಾಯಿಸಿದ. ಲಿಫ್ಟ್ ರಿಪೇರಿಯ ಕೆಲಸಕ್ಕೆ ಹೋದಲ್ಲೆಲ್ಲ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತತೊಡಗಿದ. ನಾಳೆಯ ರೇಸಿನಲ್ಲಿ ಮೊದಲ ಇಬ್ಬರು ಪ್ರಾಂತ್ಯದ ತಂಡಕ್ಕೆ ಹೋಗುತ್ತಾರೆ. ಮುಂದಿನ ವರ್ಷ ಬಾಮೈದನಿಗೆ ಅದಕ್ಕೆ ವಯಸ್ಸು ಮೀರುತ್ತದೆ.

ಸಂಜೆ ಅಂಗಡಿ ಮುಚ್ಚುವಾಗ ಅವನು ದೊಡ್ಡ ಮೀಟರನ್ನು ಚೀಲಕ್ಕೆ ಹಾಕಿಕೊಂಡ. ಮನೆಗೆ ಬಂದು ಹ್ಯಾಂಡಲ್ಲಿಗೆ ಸಿಕ್ಕಿಸಿದ. ತೆಗೆದ. ಮತ್ತೆ ಸಿಕ್ಕಿಸುತ್ತಿರುವಾಗ ಚೈನಿಗೆ ಎಣ್ಣೆ ಹಾಕಲೆಂದು ಬಾಮೈದ ಬಂದ.

“ಇದೇನ್ ಭಾವ, ಊಟದ ತಟ್ಟೆ ಕಟ್ಟಿದ್ದೀರಾ?”

“ಮ್ಯಾಪ್ ಚೆನ್ನಾಗಿ ಕಾಣುತ್ತೆ ಕಣೋ.”

“ಆ ರಸ್ತೇಲಿ ಇರೋದೇ ಎರಡು ತಿರುವು. ಅದಕ್ಕೆ ಮ್ಯಾಪ್ ಬೇರೆ ಕೇಡು.”

ಒಗೆದ ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು: “ನಿನ್ನ ಭಾವ ಪೇಪರನ್ನ ಕೈ ಚಾಚಿ ಓದ್ತಾರೆ. ಇನ್ನೊಂದು ವರ್ಷ ಹೋದ್ರೆ ಎದುರುಮನೆಯವರು ಹಿಡ್ಕೊಂಡು ನಿಂತಿರಬೇಕು.”

ಬಾಮೈದ ಜೋರಾಗಿ ನಕ್ಕ. ಹೇಳುವುದಾದರೆ ಇದೇ ಹೊತ್ತು. ನಗುವಿನ ನಡುವೆ ಹೇಳಿಬಿಟ್ಟರೆ ಅರ್ಧ ಭಾರ ನಗುವೇ ಹೊತ್ತುಕೊಳ್ಳುತ್ತಿತ್ತು. ಬಾಯಿ ತೆರೆದ.

“ಸೀಟು ಇಳಿಸಿದ್ದೀಯಲ್ಲ?”

“ಅರ್ಧ ಸೆಂಟಿಮೀಟರು.” ಬಾಮೈದನ ನಗು ಆರಿತು. ಎಣ್ಣೆಯ ಬಟ್ಟೆಯನ್ನು ಬೆರಳಿಗೆ ಸುತ್ತುತ್ತ ಕೇಳಿದ: “ಭಾವ, ನಾಳೆ ಮೂರಕ್ಕೆ ಬೇಡ, ಎರಡಕ್ಕೆ ಬಾಗಿಲು ಅಂತೀರಾ? ಮೂರರಿಂದ ನನ್ನ ಕೈಲಾಗಲ್ಲ.”

“ಆಗುತ್ತೆ. ಎರಡಕ್ಕೆ ಅಂದ್ರೆ ಅಷ್ಟೊತ್ತಿಗೆ ಬೇರೆಯವರು ಹೋಗಿರ್ತಾರೆ.”

“ಅವತ್ತು ಆಗಲಿಲ್ವಲ್ಲ.”

ಅವತ್ತು ನೀನು ಎಂಟರಿಂದ ಹೋಗಿದ್ದೆ ಕಣೋ. ಏಳುನೂರು ಮೀಟರು ಒಬ್ಬನೇ ಎಲ್ಲರಿಗಿಂತ ಮುಂದಿದ್ದೆ. ಅಂಥ ಕಾಲು ಈ ತಂಡದಲ್ಲಿ ಇನ್ನೊಬ್ಬನಿಗಿಲ್ಲ. ಮಾತು ಒಂದರ ಹಿಂದೊಂದು ನಾಲಿಗೆಯ ತುದಿಗೆ ಬಂದು ನಿಂತವು. ಆದರೆ ಹೇಳಿದ ಮೇಲೆ ನಾಳೆ ತನ್ನ ಕೂಗನ್ನು ಬಾಮೈದ ನಂಬುತ್ತಾನೆಯೇ? ರೇಸು ಮುಗಿಯಲಿ, ಗೆದ್ದ ಮೇಲೆ ಹೇಳಿದರಾಯಿತು ಎಂದುಕೊಂಡ.

“ಆಗುತ್ತೆ ಅಂದ್ನಲ್ಲ,” ಎಂದಷ್ಟೇ ಹೇಳಿದ. ಬಾಮೈದ ಚೈನಿಗೆ ಎಣ್ಣೆ ಹಾಕತೊಡಗಿದ.

ಬೆಳಿಗ್ಗೆ ರೇಸು ಶುರುವಾಗುವ ಜಾಗದಲ್ಲಿ ನಲ್ಲಿ ಅವನ ಹ್ಯಾಂಡಲ್ಲನ್ನು ಒಂದು ಸುತ್ತು ನೋಡಿದ. “ಟಿವಿ ತಂದಿದ್ದೀರಲ್ಲ ಅಣ್ಣ. ಧಾರಾವಾಹಿ ಎಷ್ಟೊತ್ತಿಗೆ?”

“ನಿನ್ನ ಅಳು ಶುರುವಾದಾಗ.”

ಹಳೆಯ ಮೀಟರು ಜೇಬಿನಲ್ಲೇ ಇತ್ತು. ಬದಲಾಯಿಸಲು ಇನ್ನೂ ಎರಡು ನಿಮಿಷವಿತ್ತು. ಬೆರಳು ಜೇಬಿನತ್ತ ಹೋಗಿ ಬಂತು. ಸೀಟಿ ಊದಿದರು.

ತೊಂಬತ್ತು ಕಿಲೋಮೀಟರಿನ ದಾರಿಯಲ್ಲಿ ಅವನು ಆ ಪರದೆಯನ್ನು ಎಷ್ಟು ಸಲ ನೋಡಿದನೋ. ಅಂಕಿಗಳು ಹೆಬ್ಬೆರಳಿನ ಗಾತ್ರಕ್ಕಿದ್ದವು. ಇಷ್ಟು ಸುಲಭವಿತ್ತೇ ಇದು ಎಂದು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಕೊನೆಯ ತಿರುವು ಕಳೆಯಿತು. ಮುಂದೆ ಗೋದಾಮುಗಳ ನಡುವಿನ ನೇರ ರಸ್ತೆ, ತುದಿಯಲ್ಲಿ ಜನ. ಅವನು ಮುಂದೆ ಬಂದು ಗಾಳಿಗೆ ಎದೆಕೊಟ್ಟ. ಬಾಮೈದನ ಉಸಿರು ಬೆನ್ನ ಹಿಂದೆಯೇ ಕೇಳುತ್ತಿತ್ತು.

ಸೊನ್ನೆ ಚುಕ್ಕೆ ಎಂಟು ಬಂತು. ಎರಡು ಹೊಟ್ಟೆಯೂ ಮುಚ್ಚಿದ, ಸ್ಪಷ್ಟವಾದ ಎಂಟು. ಅಲ್ಲಿಂದ ಗೆರೆ ಎಷ್ಟು ದೂರವಿದೆ ಎಂಬುದನ್ನು ಅವನು ಇಂದು ಕಣ್ಣಾರೆ ಕಂಡ; ಅಷ್ಟು ದೂರಕ್ಕೆ ಅಂದು ಬಾಮೈದನನ್ನು ಒಂಟಿಯಾಗಿ ಅಟ್ಟಿದ್ದ. ಏಳು. ಆರು. ತೊಡೆ ಉರಿಯುತ್ತಿತ್ತು. ಐದು. ನಾಲ್ಕು.

ಮೂರು.

“ಬಾಗಿಲು!”

ಪಕ್ಕಕ್ಕೆ ಸರಿದ. ಬಾಮೈದ ಬರಲಿಲ್ಲ. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ, ಅವನು ಹಾಗೆಯೇ ಉಳಿದ. ಆ ಸಂದಿನಲ್ಲಿ ಬೇರೆ ತಂಡದ ಇಬ್ಬರು ನುಗ್ಗಿದರು. ಆಮೇಲೆ ಅವನೂ ಪೆಡಲಿನ ಮೇಲೆ ಎದ್ದ, ಒಂದೊಂದೇ ಚಕ್ರದಷ್ಟು ಹತ್ತಿರವಾದ, ಗೆರೆಯ ಮೇಲೆ ಎರಡನೆಯವನ ಮೊಣಕೈ ಪಕ್ಕಕ್ಕೆ ಬಂದ. ಮೂರನೆಯವನಾದ.

ಗೋದಾಮಿನ ಗೋಡೆಗೆ ಸೈಕಲ್ಲು ಒರಗಿಸಿ ಬಾಮೈದ ನೆಲದ ಮೇಲೆ ಕೂತಿದ್ದ. ಅವನು ಹೋಗಿ ಪಕ್ಕದಲ್ಲಿ ಕೂತ. ನೀರಿನ ಬಾಟಲಿ ಕೊಟ್ಟ.

“ಈ ಸಲ ಕಾಲು ಕೈಕೊಡಲಿಲ್ಲ ಭಾವ,” ಎಂದ ಬಾಮೈದ. “ಕಾಲಿತ್ತು. ನೀವು ಬಾಗಿಲು ಅಂತ ಕರೆದಾಗ ಅವತ್ತಿನದು ನೆನಪಾಯ್ತು. ಇನ್ನೊಂದು ಚೂರು ಹತ್ತಿರ ಹೋಗ್ಲಿ ಅನ್ನಿಸ್ತು. ಅಷ್ಟೇ ಆಗಿದ್ದು.”

ಅವನು ತಲೆಯಾಡಿಸಿದ.

“ಇನ್ನು ನನ್ನದು ಮುಗೀತು. ಇನ್ಮೇಲೆ ಬೇರೆ ಯಾರಿಗಾದ್ರೂ ನಾನೇ ಬಾಗಿಲು ತೆಗೀತೀನಿ. ಆ ನಿಮ್ಮ ತಟ್ಟೆ ನನಗೆ ಕೊಟ್ಬಿಡಿ,” ಎಂದ ಬಾಮೈದ.

ಅವನು ಎದ್ದು ಹೋಗಿ ಹ್ಯಾಂಡಲ್ಲಿನಿಂದ ಮೀಟರನ್ನು ತಿರುಚಿ ಬಿಡಿಸಿದ. ಪರದೆಯ ಮೇಲೆ ಸೊನ್ನೆ ಚುಕ್ಕೆ ಸೊನ್ನೆ ಎಂದಿತ್ತು. ಬೆವರನ್ನು ಅಂಗಿಯ ತುದಿಯಿಂದ ಒರೆಸಿ ಬಾಮೈದನ ಕೈಗಿಟ್ಟ. ಇಬ್ಬರೂ ಮನೆಯವರೆಗೆ ನಿಧಾನವಾಗಿ, ಅಕ್ಕಪಕ್ಕದಲ್ಲಿ, ಹವಾಮಾನದ ಬಗ್ಗೆ, ಚೈನಿನ ಬಗ್ಗೆ, ನಲ್ಲಿಯ ಮಾತಿನ ಬಗ್ಗೆ ಹರಟುತ್ತ ಬಂದರು.

ಎರಡು ತಿಂಗಳ ಹಿಂದಿನ ಆ ದಿನ ತಾನು ಎಂಟನ್ನು ಮೂರೆಂದು ಓದಿದೆ ಎಂಬುದನ್ನು ಅವನು ಬಾಮೈದನಿಗೆ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.